ಕಾಣದುದೆಲ್ಲವೂ ಇಲ್ಲದುದೆ?

ಒಂದು ವಸ್ತುವು ಕಾಣಲಿಲ್ಲವೆಂಬ ಮಾತ್ರದಿಂದ ಅದು ಇಲ್ಲವೆಂದು ನಿಶ್ಚಯಿಸಬಹುದೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಅಂಗೀಕರಿಸಿದರು. ಆದರೆ ಅದಕ್ಕೆ ಯೋಗ್ಯತೆಯೆಂಬ ಕಟ್ಟಳೆಯನ್ನಿಟ್ಟರು. ಹಗಲಿನಲ್ಲಿ ಜಗಲಿಯ ಮೇಲೆ ಕೊಡವು ಕಾಣದಿದ್ದರೆ ಅದು ಇಲ್ಲವೆನ್ನಬಹುದು, ಇದ್ದಿದ್ದರೆ ಕಾಣುತ್ತಿದ್ದಿತಷ್ಟೆ. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು.

ಈ ಹಳೆಯ ವಿಚಾರವೇ ಇಂದು ಅರಣ್ಯದಲ್ಲಿ ಹೊಸ ರೂಪದಿಂದ ಎದುರುನಿಂತಿದೆ. ಕಾಡುದಾರಿಯ ಬದಿಯಲ್ಲಿ ಕಟ್ಟಿಟ್ಟ ಕ್ಯಾಮೆರಾವು ಮೃಗವು ಮುಂದೆ ಹಾದಾಗ ತಾನಾಗಿಯೇ ಚಿತ್ರವನ್ನು ತೆಗೆಯುತ್ತದೆ. ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿರುವುದಿಲ್ಲ. ಇದನ್ನಾಧರಿಸಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಸಂಖ್ಯೆಯನ್ನು ಅಂದಾಜುಮಾಡಿ 1995ರಲ್ಲಿ ಪ್ರಕಟಿಸಿದರು.

ಚಿತ್ರವೇ ಬೀಳದ ಎಡೆಯಲ್ಲಿ ಏನೆನ್ನೋಣ? ಮೃಗವಿದ್ದರೂ ಒಂದು ವಾರದಲ್ಲಿ ಅದು ಚಿತ್ರಕ್ಕೆ ಸಿಕ್ಕುವ ಸಂಭವವು ಹತ್ತಕ್ಕೆ ಮೂರೆಂದು ಇಟ್ಟುಕೊಳ್ಳೋಣ. ಐದು ವಾರವೂ ಸಿಕ್ಕದಿರುವ ಸಂಭವವು ನೂರಕ್ಕೆ ಸುಮಾರು 17. ಹತ್ತು ವಾರವಾದರೆ ನೂರಕ್ಕೆ 3ಕ್ಕಿಂತ ಕಡಿಮೆ. ಆ ‘ಮೂರು’ ತಿಳಿಯುವುದು ಹೇಗೆ? ಅನೇಕ ಸ್ಥಳಗಳನ್ನು ಮತ್ತೆ ಮತ್ತೆ ನೋಡಿ, ಒಮ್ಮೆಯಾದರೂ ಕಂಡ ಕಡೆ ಎಷ್ಟು ಸಲ ಕಣ್ತಪ್ಪಿತೆಂಬುದನ್ನು ಗಣಿಸುವುದರಿಂದ. ಡ್ಯಾರಿಲ್ ಮೆಕೆಂಜಿಯೂ ಸಂಗಡಿಗರೂ 2002ರಲ್ಲಿ ಇದಕ್ಕೆ ಗಣಿತಕ್ರಮವನ್ನು ರಚಿಸಿದರು. ಯೋಗ್ಯತೆಗೆ ಹೀಗೆ ಒಂದು ಅಳತೆ ದೊರೆತಂತಾಯಿತು.

ಇದು ಕೇವಲ ತರ್ಕವಿನೋದವಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಕಡತದಲ್ಲಿ ಬದುಕಿದ್ದುವು. 2005ರಲ್ಲಿ ಹುಡುಕಿದಾಗ ಒಂದೂ ಉಳಿದಿರಲಿಲ್ಲ. ಇಲ್ಲದುದನ್ನು ಉಂಟೆಂದುದರ ಫಲವಿದು. ಉಂಟಾದುದನ್ನು ಇಲ್ಲವೆಂದರೆ ಇನ್ನೊಂದು ಅನರ್ಥ: ಬರಿಯ ಕಾಡೆಂದು ಬಗೆದು ಅದನ್ನು ಗಣಿಗೋ ರಸ್ತೆಗೋ ಬಿಟ್ಟುಕೊಡುವುದು ಸುಲಭವಾಗುತ್ತದೆ. ಮೂಕಪ್ರಾಣಿಯು ತನ್ನ ಇರವಿಗೆ ತಾನೇ ಬಂದು ಸಾಕ್ಷಿ ನುಡಿಯಲಾರದು.

ಸಂಶಯವನ್ನೇ ಲೆಕ್ಕವಿಡುತ್ತ ಕುಳಿತರೆ ಕಾರ್ಯವು ಕೆಡದೆ ಎಂದು ಕೆಲವರು ಆಕ್ಷೇಪಿಸಬಹುದು. ಅಳತೆಯಿಲ್ಲದ ಸಂಶಯವು ಕಾರ್ಯವನ್ನು ಕೆಡಿಸುವುದು ದಿಟ. ಅಳೆದ ಸಂಶಯವಾದರೋ ಇನ್ನೆಷ್ಟು ಹುಡುಕಬೇಕೆಂಬುದನ್ನು ತಿಳಿಸುತ್ತದೆ. 2022ರ ಗಣನೆಯು ಭಾರತದ ಹುಲಿಗಳು ಸುಮಾರು 3,682 ಎಂದು ಹೇಳಿ, 3,167ರಿಂದ 3,925ರವರೆಗೆ ಇರಬಹುದೆಂದೂ ತಿಳಿಸಿತು. ಈ ಎರಡನೆಯ ಮಾತು ದೌರ್ಬಲ್ಯವಲ್ಲ, ಸತ್ಯನಿಷ್ಠೆ.

‘ಉಂಟು’ ಎನ್ನುವವನು ಒಂದು ಚಿತ್ರವನ್ನು ತೋರಿಸಿದರೆ ಸಾಕು. ‘ಇಲ್ಲ’ ಎನ್ನುವವನ ಹೊಣೆ ಅದಕ್ಕಿಂತ ಹಿರಿದು; ತಾನು ಎಲ್ಲಿ, ಎಷ್ಟು ಸಲ, ಎಂತಹ ಬೆಳಕಿನಲ್ಲಿ ನೋಡಿದೆನೆಂಬುದನ್ನು ಅವನು ಹೇಳಲೇಬೇಕು.