ಮುರಿದ ಮಂಚ ಅಪಶಕುನವೇ?

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡು 8 ತಿಂಗಳಾಯಿತು. ಅವರು 40 ವರ್ಷ ಮಲಗುತ್ತಿದ್ದ ತೇಗದ ಮಂಚದ ಒಂದು ಕಾಲು ಹೋದ ತಿಂಗಳು ಕಿತ್ತುಬಂತು, ಪಕ್ಕದ ಪಟ್ಟಿಯೂ ಸೀಳಿದೆ. ಇದು ಅಪಶಕುನ, ಮಂಚ ಮನೆಯಲ್ಲಿ ಇರಕೂಡದು, ಶಾಂತಿಹೋಮ ಮಾಡಿಸಬೇಕು ಅಂತ ಪರಿಚಯದವರೊಬ್ಬರು ಹೇಳಿದರು. ಅಂದಿನಿಂದ 76 ವರ್ಷದ ನಮ್ಮ ಅತ್ತೆ, ಮಂಡಿನೋವಿದ್ದರೂ, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ. ಹೊನ್ನೆ ಮರದ ಕಾಲು ಹಾಕಿ ಸರಿಮಾಡಿಕೊಡುತ್ತೇನೆ ಅಂತಾರೆ ಬಡಗಿ. ಬೇರೆ ಜಾತಿಯ ಮರ ಸೇರಿಸಬಹುದೇ? ಆ ಮಂಚ ಬಳಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಂಚ ಸರಿಮಾಡಿಸಿ, ಧಾರಾಳವಾಗಿ ಬಳಸಿ. ಕಾಲು ಮುರಿದದ್ದಕ್ಕೆ ಶಾಂತಿಹೋಮ ಬೇಕಿಲ್ಲ. ಮರ ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. 40 ವರ್ಷ ಹೀಗೆ ಆಗುತ್ತಾ ಬಂದರೆ ಕೀಲು ಸಡಿಲವಾಗದೆ ಇನ್ನೇನು? ಅದು ಮರದ ಧರ್ಮ. ಮಾವನವರು ಹೋದದ್ದಕ್ಕೂ ಇದಕ್ಕೂ ಗಂಟುಹಾಕಬೇಡಿ.

ಹಾಗಾದರೆ ಮುರಿದ ಮಂಚಕ್ಕೆ ದೋಷವೇ ಇಲ್ಲವೇ ಅಂದರೆ, ಇದೆ. ವಿಷ್ಣುಪುರಾಣದ ಮೂರನೆಯ ಅಂಶದಲ್ಲಿ ಔರ್ವ ಮುನಿಗಳು ಸಗರ ರಾಜನಿಗೆ ಗೃಹಸ್ಥನ ಸದಾಚಾರ ಹೇಳುತ್ತಾರೆ. ಇಕ್ಕಟ್ಟಾದ, ಮುರಿದ, ಏರುತಗ್ಗಾದ, ಕೊಳೆಯಾದ, ಹುಳಹುಪ್ಪಟೆ ಸೇರಿಕೊಂಡ, ಹಾಸಿಗೆಯಿಲ್ಲದ ಮಂಚದಲ್ಲಿ ಮಲಗಕೂಡದು ಅಂತ ಅಲ್ಲಿದೆ. ಗಮನಿಸಿ, ಮುರಿದದ್ದರ ಮೇಲೆ ಮಲಗಬೇಡ ಅಂದರೇ ಹೊರತು, ಮುರಿದದ್ದನ್ನು ಜೋಡಿಸಬೇಡ ಅನ್ನಲಿಲ್ಲ. ಕಾಲಿಗೆ ಇಟ್ಟಿಗೆ ಕೊಟ್ಟು, ಪಟ್ಟಿಗೆ ಹಗ್ಗ ಸುತ್ತಿ ವರ್ಷಗಟ್ಟಲೆ ದಿನ ತಳ್ಳುತ್ತಾರಲ್ಲ, ದೋಷ ಇರುವುದು ಅಲ್ಲಿ. ಸರಿಮಾಡಿಸಿದ ಮೇಲೆ ಅದು ಮುರಿದ ಮಂಚವೇ ಅಲ್ಲ.

ತೀರಿಕೊಂಡವರು ಮಲಗಿದ್ದ ಮಂಚ, ಶುದ್ಧಿ ಹೇಗೆ ಅಂತಲೂ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸೂತಕ ಕಳೆದು ಪುಣ್ಯಾಹವಾದಾಗಲೇ ಮನೆಯ ಸಾಮಾನಿಗೆಲ್ಲ ಶುದ್ಧಿಯಾಯಿತು. ಅದರ ಮೇಲೂ ಸಂಶಯವಿದ್ದರೆ ಕೇಳಿ: ಯಾವ ಯಾವ ವಸ್ತುವಿಗೆ ಯಾವ ಶುದ್ಧಿ ಅಂತ ಮನುಸ್ಮೃತಿಯ ಐದನೆಯ ಅಧ್ಯಾಯ ಹೇಳುತ್ತದೆ. ಮರದ ವಸ್ತುವಿಗೆ ಹೇಳಿದ ಶುದ್ಧಿ ‘ತಕ್ಷಣ’. ನಾವು ‘ಕೂಡಲೇ’ ಅನ್ನುವ ಅರ್ಥದಲ್ಲಿ ಆಡುವ ಮಾತಲ್ಲ ಇದು. ಮರವನ್ನು ಕೆತ್ತುವುದು, ಹೆರೆಯುವುದು ಅಂತ ಅರ್ಥ. ಬಡಗಿಗೆ ತಕ್ಷಕ ಅನ್ನುವ ಹೆಸರೂ ಇದೇ ಧಾತುವಿನಿಂದ ಬಂದದ್ದು. ಅಂದರೆ ನಿಮ್ಮ ಬಡಗಿ ಉಳಿ, ಉಜ್ಜುಗೊರಡು ಹಿಡಿದು ಕೆಲಸ ಮಾಡಿದರೆ ಶಾಸ್ತ್ರ ಹೇಳಿದ ಶುದ್ಧಿಯೇ ಆಯಿತು. ಹೋಮಕ್ಕೆ ಎತ್ತಿಟ್ಟ ಹಣದಲ್ಲಿ ಆತನಿಗೆ ಕೈತುಂಬ ಕೂಲಿ ಕೊಡಿ.

ಇನ್ನು ಬೇರೆ ಮರ ಸೇರಿಸುವ ವಿಚಾರ. ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಯಲ್ಲಿ ಮಂಚ, ಪೀಠಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಒಂದೇ ಮರದ ಮಂಚ ಒಳ್ಳೆಯದು, ಎರಡು ಮರದ್ದು ಅದಕ್ಕಿಂತ ಒಳ್ಳೆಯದು, ಮೂರಾದರೆ ಸಂತಾನವೃದ್ಧಿ, ನಾಲ್ಕಾದರೆ ಧನ, ಕೀರ್ತಿ ಅಂತಾರೆ. ಐದು ಮತ್ತು ಅದಕ್ಕೆ ಮೇಲ್ಪಟ್ಟು ನಿಷೇಧ. ಶುಭವಾದ ಮರಗಳ ಪಟ್ಟಿಯಲ್ಲಿ ಶಾಕ, ಅಂದರೆ ತೇಗ ಇದೆ. ಅಸನ, ಅಂದರೆ ಹೊನ್ನೆಯೂ ಇದೆ, ಆದರೆ ಅದನ್ನು ಬೇರೆ ಮರದ ಜೊತೆ ಸೇರಿಸಿದರೆ ದೋಷ ಅಂತ ಅದೇ ಅಧ್ಯಾಯದಲ್ಲಿದೆ; ಹಾಗಾಗಿ ಹೊಸ ಕಾಲನ್ನೂ ತೇಗದಲ್ಲೇ ಮಾಡಿಸಿ. ಸಿಡಿಲು ಬಡಿದ ಮರ, ಗಾಳಿಗೆ ಬಿದ್ದ ಮರ, ಸ್ಮಶಾನದ ಮರ, ದೇವಸ್ಥಾನದ ಮರ ಬೇಡ ಅಂದಿದ್ದಾರೆ. ಬಡಗಿ ತರುವ ತುಂಡು ಎಲ್ಲಿಯದು ಅಂತ ಒಂದು ಮಾತು ಕೇಳಿ, ಸಾಕು.

ಒಂದೇ ಒಂದು ಸಂದರ್ಭದಲ್ಲಿ ಈ ಮಂಚ ನಿಮ್ಮದಲ್ಲ. ಹನ್ನೊಂದು, ಹನ್ನೆರಡನೆಯ ದಿನದ ಕರ್ಮದಲ್ಲಿ ಶಯ್ಯಾದಾನಕ್ಕೆ ಇದೇ ಮಂಚ ಅಂತ ಸಂಕಲ್ಪ ಮಾಡಿ ಕೊಡದೆ ಉಳಿಸಿಕೊಂಡಿದ್ದರೆ, ಅದು ದಾನ ತೆಗೆದುಕೊಂಡವರ ಸ್ವತ್ತು. ಸರಿಮಾಡಿಸಿ ಅವರಿಗೇ ತಲುಪಿಸಿ. ಬೇರೆ ಮಂಚವನ್ನೋ ಹಣವನ್ನೋ ಕೊಟ್ಟಾಗಿದ್ದರೆ ಆ ಪ್ರಶ್ನೆಯೇ ಇಲ್ಲ.

ಕೆಲಸ ಮಾಡಿಸುವಾಗ ಎದುರಿಗೆ ನಿಂತು ನೋಡಿಕೊಳ್ಳಿ. ಕೀಲಿನ ಒಳಗಿನ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಸಬೇಕು. ಅದರ ಮೇಲೆಯೇ ಹೊಸ ಅಂಟು ಹಚ್ಚಿದರೆ ಹಿಡಿಯುವುದಿಲ್ಲ. ಅಂಟು ಹಾಕಿ ಬಿಗಿದ ಮೇಲೆ ಪೂರ್ತಿ ಒಂದು ದಿನ ಯಾರೂ ಕೂರಬಾರದು. ಸೀಳಿದ ಪಟ್ಟಿಗೆ ಬರೀ ಅಂಟು ಸಾಲದು, ಒಳಮಗ್ಗುಲಿಗೆ ಸೀಳಿಗಿಂತ ಉದ್ದದ ಹಲಗೆ ಕೊಟ್ಟು ಸ್ಕ್ರೂ ಹಾಕಿಸಿ. ಮೊಳೆ ಹೊಡೆದರೆ ಹಳೆಯ ಮರ ಇನ್ನಷ್ಟು ಸೀಳುತ್ತದೆ. ಹಿಟ್ಟಿನಂಥ ಪುಡಿ ಉದುರುತ್ತಿದೆಯೇ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ ನೋಡಿ. ಬಂದರೆ ಹುಳು ತಿಂದಿದೆ, ಆ ಭಾಗ ಬದಲಾಯಿಸಲೇಬೇಕು. ಎತ್ತರ ಎಷ್ಟಿರಬೇಕು ಅಂದರೆ, ಅತ್ತೆಯವರು ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಆಗ ಏಳುವುದು ಸುಲಭ.

ರಿಪೇರಿಗೆ ಮುಹೂರ್ತ ಬೇಡ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಗುರುವಾರವೋ ಶುಕ್ರವಾರವೋ ರಾಹುಕಾಲ ಕಳೆದ ಮೇಲೆ ನೀರು ಪ್ರೋಕ್ಷಿಸಿ, ಅರಿಸಿನ ಕುಂಕುಮ ಇಟ್ಟು, ಹೊಸ ಹೊದಿಕೆ ಹಾಸಿ. ತಲೆ ಪೂರ್ವಕ್ಕೋ ದಕ್ಷಿಣಕ್ಕೋ ಇರಲಿ.

ಕೊನೆಯದಾಗಿ, ನೀವು ಕೇಳದೇ ಇದ್ದ ಮಾತು. ನಿಮ್ಮ ಅತ್ತೆ ನೆಲಕ್ಕಿಳಿದದ್ದು ಅಪಶಕುನದ ಹೆದರಿಕೆಯಿಂದಲೇ ಅಂತ ನೀವು ತಿಳಿದಿದ್ದೀರಿ. ಯಜಮಾನರಿಲ್ಲದ ಮಂಚ ಹತ್ತುವುದಕ್ಕೆ ಮನಸ್ಸು ಬಾರದೆಯೂ ಇರಬಹುದು. ‘ನನ್ನಿಂದಲೇ ಮುರಿಯಿತು’ ಅಂತ ಒಳಗೇ ಕೊರಗುತ್ತಲೂ ಇರಬಹುದು. ಈ ಪುಟವನ್ನು ಅವರಿಗೆ ಓದಿ ಹೇಳಿ. ನೆಲದಲ್ಲಿ ಮಲಗುವ ನಿಯಮ ವ್ರತದಲ್ಲಿರುವವರಿಗೆ. ವೃದ್ಧರಿಗೆ, ರೋಗಿಗಳಿಗೆ ಶಾಸ್ತ್ರ ಎಲ್ಲ ನಿಯಮದಲ್ಲೂ ಸಡಿಲಿಕೆ ಕೊಟ್ಟಿದೆ. ಇಷ್ಟು ಹೇಳಿದ ಮೇಲೂ ಆ ಮಂಚ ಬೇಡ ಅಂದರೆ ಬಲವಂತ ಮಾಡಬೇಡಿ. ಅವರಿಗೆ ಬೇರೆ ಮಂಚ ತನ್ನಿ, ಇದರಲ್ಲಿ ಮೊಮ್ಮಕ್ಕಳು ಮಲಗಲಿ. ಆದರೆ ಇವತ್ತು ರಾತ್ರಿಯೇ ಅವರನ್ನು ನೆಲದಿಂದ ಎಬ್ಬಿಸಿ, ನಿಮ್ಮ ಮಂಚವನ್ನಾದರೂ ಬಿಟ್ಟುಕೊಡಿ. ಬಡಗಿ ಬರುವವರೆಗೆ ನೀವು ಚಾಪೆಯಲ್ಲಿ ಮಲಗಿದರೆ ಆಯಿತು. ಶುಭಮಸ್ತು.