ಕಾರಣವರಿಯದ ಅರಿವು

ಕಾರಣವನ್ನು ತಿಳಿಯದೆಯೇ ಮಾಡಿದ ಕಾರ್ಯವು ತಲೆತಲಾಂತರ ಸಫಲವಾಗುತ್ತ ಬಂದಲ್ಲಿ ಅದನ್ನು ಜ್ಞಾನವೆನ್ನಬೇಕೋ, ಬರಿಯ ರೂಢಿಯೆನ್ನಬೇಕೋ ಎಂಬ ಪ್ರಶ್ನೆಗೆ ಮೆಕ್ಸಿಕೋ ದೇಶದ ಅಡಿಗೆಮನೆಗಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕಾಣೆನು.

ಆ ದೇಶದ ಉತ್ತರ ಪ್ರಾಂತ್ಯಗಳಲ್ಲಿ ಶನಿವಾರ ಸಂಜೆ ನೆಲದಲ್ಲಿ ಕುಣಿ ತೋಡಿ, ಕೆಂಡ ಕೂಡಿಸಿ, ದನದ ತಲೆಯನ್ನು ಒದ್ದೆ ಗೋಣಿಯಲ್ಲಿಯೋ ಕತ್ತಾಳೆಯ ಜಾತಿಯ ಎಲೆಗಳಲ್ಲಿಯೋ ಸುತ್ತಿ ಇಳಿಸಿ, ಮೇಲೆ ಮಣ್ಣು ಮುಚ್ಚುವುದು ಹಳೆಯ ಪದ್ಧತಿ. ಇರುಳೆಲ್ಲ ಬೆಂದು ಎಲುಬಿನಿಂದ ತಾನಾಗಿ ಕಳಚುವ ಕೆನ್ನೆಯ ಮಾಂಸವು, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದವರಿಗೆ ಮುಸುಕಿನ ಜೋಳದ ಬಿಸಿ ರೊಟ್ಟಿಯಲ್ಲಿ, ಈರುಳ್ಳಿ ಕೊತ್ತಂಬರಿಗಳೊಡನೆ, ಟ್ಯಾಕೋ ಆಗಿ ದೊರೆಯುತ್ತದೆ. ಕಬ್ಬಿಣ, ಸತು, ಬಿ12 ಜೀವಸತ್ವ, ಜೋಳದಲ್ಲಿ ವಿರಳವಾದ ಲೈಸಿನ್, ಇವೆಲ್ಲ ಆ ಮಾಂಸದಲ್ಲಿವೆ. ಕೊಬ್ಬೂ ಧಾರಾಳವಾಗಿರುವುದರಿಂದ ಅದು ಭಾನುವಾರಕ್ಕೆ ಮೀಸಲಾದುದೇ ಮೇಲು.

ಮಾಂಸಕ್ಕಿಂತ ರೊಟ್ಟಿಯ ವೃತ್ತಾಂತವು ಗಹನವಾದುದು. ದನವು 16ನೆಯ ಶತಮಾನದಲ್ಲಿ ಸ್ಪೇನಿನವರೊಡನೆ ಬಂದಿತು. ಜೋಳವನ್ನಾದರೋ ಕ್ವೆಟ್ಸಾಲ್ಕೋಆಟ್ಲ್ ದೇವತೆಯು ಕರಿಯಿರುವೆಯ ರೂಪ ತಾಳಿ ಪರ್ವತದ ಗರ್ಭದಿಂದ ತಂದನೆಂದು ನಹುವಾ ಜನರ ಪುರಾಣವು ಹೇಳುತ್ತದೆ. ಆ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಗ್ಗೆ ಸಿಪ್ಪೆ ಜಾರುವಂತೆ ತೊಳೆದು, ಕಲ್ಲಿನ ಮೇಲೆ ಅರೆಯುವರು. ಸಿಪ್ಪೆ ಬಿಡುವುದೂ ಹಿಟ್ಟಿಗೆ ಅಂಟು ಬರುವುದೂ ಅರೆಯುವವಳ ಕಣ್ಣಿಗೆ ಕಂಡ ಫಲ. ಕಾಳಿನಲ್ಲಿ ಬಂಧಿತವಾಗಿದ್ದ ನಿಯಾಸಿನ್ ಎಂಬ ಜೀವಸತ್ವವು ಬಿಡುಗಡೆಯಾಗುವುದು ಕಾಣದ ಫಲ.

ಸ್ಪೇನಿನವರು ಬೀಜವನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟುಹೋದರು. ಕಾಲಕ್ರಮೇಣ ಯೂರೋಪಿನಲ್ಲಿ ಜೋಳವನ್ನೇ ನಂಬಿದ ಬಡವರ ಚರ್ಮವು ಒಡೆದು, ಜಠರವು ಕೆಟ್ಟು, ಬುದ್ಧಿಯು ಕದಡಿತು. ಅಸ್ಟೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪಾರ್ ಕಾಸಾಲ್ 1735ರಲ್ಲಿ ಗುರುತಿಸಿದ ಈ ಪೆಲ್ಲಾಗ್ರಾ ರೋಗಕ್ಕೆ ನಿಯಾಸಿನ್ ಮದ್ದೆಂಬುದು ತಿಳಿದದ್ದು 1937ರಲ್ಲಿ.

ಇಷ್ಟರಿಂದ ಪೂರ್ವಿಕರ ಪ್ರತಿಯೊಂದು ಆಚಾರದಲ್ಲಿಯೂ ವಿಜ್ಞಾನವು ಅಡಗಿದೆಯೆಂದು ಎದೆಯುಬ್ಬಿಸುವವರ ಪಂಕ್ತಿಯಲ್ಲಿ ನಾನು ಕೂಡಲಾರೆ. ಗ್ರಹಣದ ಭಯಕ್ಕೂ ಸುಣ್ಣದ ನೀರಿಗೂ ಒಂದೇ ಪ್ರಮಾಣಪತ್ರವನ್ನು ಬರೆದುಕೊಡುವುದು ಸೋಮಾರಿತನ. ಸುಣ್ಣದ ನೀರನ್ನು ಅಸಂಖ್ಯಾತ ದೇಹಗಳು ಪರೀಕ್ಷಿಸಿದ್ದವು. ಅದರ ಅರಿವು ಯಾವೊಬ್ಬಳ ತಲೆಯಲ್ಲಿಯೂ ಪೂರ್ಣವಾಗಿರದೆ ಕ್ರಿಯೆಯಲ್ಲಿಯೇ ನೆಲೆಸಿತ್ತು. ಹಾಗೆ ನೆಲೆಸಿದುದನ್ನೂ ಜ್ಞಾನವೆಂದೇ ಎಣಿಸಿ, ಬೀಜವನ್ನು ಹಡಗಿಗೇರಿಸಿದವನಿಗಿಂತ ಸುಣ್ಣ ಬೆರೆಸಿದವಳೇ ಜೋಳವನ್ನು ಹೆಚ್ಚು ಬಲ್ಲವಳೆಂದು ನಾನು ತೀರ್ಪು ಕೊಡುವೆನು.