ವಿದ್ಯೆಯ ಬಾಗಿಲಲ್ಲಿ ಎರಡು ಅಳತೆ

ಕೊಡುವಾಗ ಒಂದು ಸೇರನ್ನೂ ಕೊಳ್ಳುವಾಗ ಇನ್ನೊಂದು ಸೇರನ್ನೂ ಹಿಡಿಯುವ ವರ್ತಕನನ್ನು ಲೋಕವು ಕಳ್ಳನೆಂದೇ ಕರೆಯುತ್ತದೆ. ಆದರೆ ಅದೇ ಎರಡಳತೆಯನ್ನು ವಿದ್ಯಾಶಾಲೆಯ ಬಾಗಿಲಲ್ಲಿರಿಸಿದರೆ ಅದಕ್ಕೆ ‘ವ್ಯವಸ್ಥೆ’ಯೆಂಬ ಗೌರವದ ಹೆಸರು ಬರುತ್ತದೆ. ಕೇಡನ್ನು ಬಗೆಯದ ಸಜ್ಜನರೇ ನಡೆಸಿಕೊಂಡು ಬಂದ ಪದ್ಧತಿಯಲ್ಲಿ ಅನ್ಯಾಯವಿರಬಲ್ಲುದೆ? ಇದ್ದರೆ, ಅದನ್ನು ತೊಡೆಯಲು ಶಾಸನವೊಂದೇ ಸಾಕಾದೀತೆ? ಅಮೇರಿಕದ ರಾಜ್ಯಗಳು ಶಾಲೆಗಳಲ್ಲಿನ ಸ್ತ್ರೀಪುರುಷಭೇದವನ್ನು ನಿವಾರಿಸಲು ಮಾಡಿದ ಶಾಸನಗಳ ಚರಿತ್ರೆಯು ಈ ಎರಡು ಪ್ರಶ್ನೆಗಳ ಮೇಲೆ ಒಳ್ಳೆಯ ಬೆಳಕನ್ನು ಚೆಲ್ಲುತ್ತದೆ.

ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ 1635ರಲ್ಲಿ ಸ್ಥಾಪಿತವಾದ ಲ್ಯಾಟಿನ್ ಶಾಲೆಯು ಗಂಡುಮಕ್ಕಳಿಗೆ ಮೀಸಲಾಗಿತ್ತು. ಹೆಣ್ಣುಮಕ್ಕಳಿಗೆ ಬೇರೊಂದು ಲ್ಯಾಟಿನ್ ಶಾಲೆಯಿತ್ತು. ಎರಡಕ್ಕೂ ಪ್ರವೇಶ ಪರೀಕ್ಷೆ ಒಂದೇ. ಆದರೆ ಬಾಲಕಿಯರ ಶಾಲೆಯಲ್ಲಿ ಸ್ಥಳ ಕಡಿಮೆ. ಇದರ ಫಲವೇನೆಂದರೆ, 1970ರ ಸುಮಾರಿನಲ್ಲಿ 200 ಅಂಕಗಳಲ್ಲಿ ಬಾಲಕನಿಗೆ 120 ಸಾಕಾಗುತ್ತಿದ್ದರೆ ಬಾಲಕಿಗೆ 133 ಬೇಕಾಗುತ್ತಿತ್ತು. ಇಲ್ಲಿ ಯಾರೂ ಯಾರನ್ನೂ ನಿಂದಿಸಲಿಲ್ಲ, ಹೊಡೆದಟ್ಟಲಿಲ್ಲ. ಕಟ್ಟಡದ ಅಳತೆಯೇ ಮಗುವಿನ ಬುದ್ಧಿಯ ಅಳತೆಯಾಗಿ ಪರಿಣಮಿಸಿತು, ಅಷ್ಟೆ. 130 ಅಂಕ ಪಡೆದ ಹುಡುಗಿ ಮನೆಗೆ ಹಿಂದಿರುಗಿದಳೆಂದರೆ ಅದು ಅವಳ ಕೊರತೆಯಿಂದಲ್ಲ, ಅವಳು ಹುಡುಗಿಯಾದುದರಿಂದ.

1971ರಲ್ಲಿ ಆ ರಾಜ್ಯವು ಸಾರ್ವಜನಿಕ ಶಾಲೆಗಳ ಪ್ರವೇಶದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ಶಾಸನದಿಂದ ನಿಷೇಧಿಸಿತು. 1972ರಲ್ಲಿ ನ್ಯಾಯಾಲಯವೂ ಈ ಎರಡಳತೆಯನ್ನು ತಳ್ಳಿಹಾಕಿತು; ಅದೇ ವರ್ಷ ಹಳೆಯ ಶಾಲೆಗೆ ಬಾಲಕಿಯರು ಪ್ರವೇಶಿಸಿದರು. 1972ರ ಜೂನ್ 23ರಂದು ಅಂಗೀಕೃತವಾದ ‘ಟೈಟಲ್ ನೈನ್’ ಎಂಬ ಕೇಂದ್ರಶಾಸನವು ಹೆಚ್ಚು ಪ್ರಸಿದ್ಧವಾದುದು. ಆದರೆ ಅದು ಕೇಂದ್ರದ ಧನಸಹಾಯ ಪಡೆಯುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅದರ ಪ್ರವೇಶನಿಯಮವು ಸಾಮಾನ್ಯ ಪ್ರೌಢಶಾಲೆಗಳನ್ನು ಮುಟ್ಟುವುದೂ ಇಲ್ಲ. ಹೀಗೆ ದೊಡ್ಡ ಶಾಸನದ ಕೈಗೆ ಎಟುಕದುದನ್ನು ರಾಜ್ಯದ ಸಣ್ಣ ಶಾಸನವು ಒಂದು ವರ್ಷ ಮೊದಲೇ ಸಾಧಿಸಿತ್ತು.

“ಎರಡೂ ಶಾಲೆಗಳು ಉತ್ತಮವಾಗಿದ್ದರೆ ಪ್ರತ್ಯೇಕತೆಯಲ್ಲಿ ದೋಷವೇನು?” ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಫಿಲಡೆಲ್ಫಿಯದ ಸೆಂಟ್ರಲ್ ಹೈಸ್ಕೂಲು 1836ರಿಂದ ಬಾಲಕರದಾಗಿತ್ತು. ಅಲ್ಲಿ ಸೇರಬಯಸಿದ ವಿದ್ಯಾರ್ಥಿನಿಯೊಬ್ಬಳ ಮೊರೆಯನ್ನು ಕೇಂದ್ರದ ಮೇಲ್ಮನವಿ ನ್ಯಾಯಾಲಯವು 1976ರಲ್ಲಿ ಇದೇ ತರ್ಕದಿಂದ ನಿರಾಕರಿಸಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ಸಮಸಮವಾಗಿ ಇಬ್ಭಾಗವಾದುದರಿಂದ ಆ ತೀರ್ಪೇ ಉಳಿಯಿತು. ಆದರೆ 1983ರಲ್ಲಿ ಪೆನ್ಸಿಲ್ವೇನಿಯ ರಾಜ್ಯದ ನ್ಯಾಯಾಧೀಶ ವಿಲಿಯಂ ಮಾರುಟಾನಿಯವರು ಎರಡು ಶಾಲೆಗಳ ಗ್ರಂಥಭಂಡಾರವನ್ನೂ ಅಧ್ಯಾಪಕರ ವಿದ್ವತ್ತೆಯನ್ನೂ ನಿಧಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿದರು. ಸಮಾನವೆಂದು ಹೇಳಲಾಗುತ್ತಿದ್ದುದು ಸಮಾನವಾಗಿರಲಿಲ್ಲ. ರಾಜ್ಯಸಂವಿಧಾನದ ಸಮಾನತೆಯ ವಿಧಿಯನ್ನೂ ಆಧರಿಸಿ ಅವರು ಬಾಗಿಲು ತೆರೆಯಿಸಿದರು. ಬೇರೆಯಾಗಿ ಕಲಿಯುವುದು ತಾನಾಗಿಯೇ ದೋಷವಲ್ಲ. ಒಬ್ಬರಿಗೆ ಬಾಗಿಲನ್ನು ಮುಚ್ಚಿ ಅದನ್ನು ಸಮಾನತೆಯೆಂದು ಕರೆಯುವುದು ದೋಷ.

ಹಾಗೆಂದು ಸಮಾನತೆಯೆಂದರೆ ಏಕರೂಪತೆಯೆಂದು ಭ್ರಮಿಸಬಾರದು. ವಾಷಿಂಗ್ಟನ್ ರಾಜ್ಯವು 1975ರಲ್ಲಿ ಮಾಡಿದ ಶಾಸನವು ಹುಡುಗ ಹುಡುಗಿಯರಿಗೆ ಪ್ರತ್ಯೇಕ ಸ್ನಾನಗೃಹಗಳಿರುವುದನ್ನು ಒಪ್ಪುತ್ತದೆ. ದೇಹಧರ್ಮಕ್ಕೆ ಸಂಬಂಧಿಸಿದಲ್ಲಿ ಭೇದವನ್ನು ಗಮನಿಸುವುದು ವಿವೇಕ. ಗಣಿತವನ್ನೂ ವಿಜ್ಞಾನವನ್ನೂ ಕಲಿಸುವಲ್ಲಿ ಅದನ್ನು ಗಮನಿಸುವುದು ಅವಿವೇಕ. ಅರಿವಿಗೆ ಹೆಣ್ಣೆಂಬುದಿಲ್ಲ, ಗಂಡೆಂಬುದಿಲ್ಲ. ಅದೇ ಶಾಸನವು ಆಟೋಟ, ಪಾಠವಿಷಯಗಳ ಆಯ್ಕೆ, ವಿದ್ಯಾರ್ಥಿಗಳಿಗೆ ನೀಡುವ ಮಾರ್ಗದರ್ಶನ ಇವುಗಳೊಂದಿಗೆ ಪಠ್ಯಪುಸ್ತಕಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಕೇಂದ್ರದ ನಿಯಮಗಳು ಪಠ್ಯಪುಸ್ತಕಗಳನ್ನು ಮುಟ್ಟದೆ ಬಿಟ್ಟಿವೆ. ಬಾಗಿಲು ತೆರೆದೂ ಒಳಗಿನ ಪುಸ್ತಕವೇ “ಇದು ನಿನ್ನ ಸ್ಥಾನವಲ್ಲ” ಎಂದು ಸೂಚಿಸುತ್ತಿದ್ದರೆ, ಆ ಪ್ರವೇಶವು ಅರ್ಧ ಪ್ರವೇಶವೇ ಸರಿ.

ಇನ್ನು ಎರಡನೆಯ ಪ್ರಶ್ನೆ. ಶಾಸನವೆಂಬುದು ನುಡಿ, ಅದು ನಡೆಯಾಗಬೇಕಾದುದು ಉಪಾಧ್ಯಾಯನಲ್ಲಿ, ತಂದೆತಾಯಿಗಳಲ್ಲಿ. ಬಾಗಿಲಲ್ಲಿನ ಎರಡನೆಯ ಸೇರನ್ನು ಶಾಸನವು ಕಿತ್ತುಕೊಳ್ಳಬಲ್ಲುದು. ಮನಸ್ಸಿನೊಳಗೆ ಬಚ್ಚಿಟ್ಟ ಸೇರನ್ನು ಕಿತ್ತುಕೊಳ್ಳಲಾರದು. ಪ್ರಶ್ನೆ ಕೇಳಿದ ಹುಡುಗನನ್ನು ಜಾಣನೆಂದೂ ಹುಡುಗಿಯನ್ನು ವಾಚಾಳಿಯೆಂದೂ ತಿಳಿಯುವ ಕಣ್ಣಿಗೆ ಯಾವ ನ್ಯಾಯಾಲಯವು ಮದ್ದು ಕೊಟ್ಟೀತು?

ಆದರೂ ಅಂತರಂಗವು ಶುದ್ಧವಾಗುವ ತನಕ ಬಹಿರಂಗದ ಕಟ್ಟಳೆ ಬೇಡವೆನ್ನುವುದು ಸರಿಯಲ್ಲ. ಹಿರಿಯರ ಹೃದಯವು ಪಕ್ವವಾಗಲು ತಲೆಮಾರುಗಳೇ ಬೇಕಾದೀತು. ಬಾಲ್ಯವು ಅಷ್ಟು ಕಾಲ ಕಾಯುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಪ್ಪಿದ ಪಾಠವನ್ನು ನಲವತ್ತರಲ್ಲಿ ಬರುವ ಪಶ್ಚಾತ್ತಾಪವು ಮರಳಿ ಕೊಡಲಾರದು. ಆ ಮಗುವಿಗಾಗಿ ಶಾಸನ ಬೇಕು. ಆ ಶಾಸನವು ಅನಾವಶ್ಯಕವಾಗುವ ದಿನಕ್ಕಾಗಿ ನಡೆ ಬೇಕು. ಮಗನಿಗೂ ಮಗಳಿಗೂ ಒಂದೇ ಸೇರಿನಲ್ಲಿ ಅಳೆಯುವ ಮನೆಯಲ್ಲಿಯೇ ಆ ನಡೆಯು ಮೊದಲಾಗುತ್ತದೆ.